ನಂದೀಶನ ಕೈಗುಣ

ಪರೀಕ್ಷೆ ಬರೆದು ಬರೆದು ಸೋತಿದ್ದ ಹಿರೇವಡ್ಡಟ್ಟಿಯ ನಂದೀಶ ಕೊನೆಗೂ ಪಾಸಾದದ್ದು ಗದಗಿನ ಟಾಕೀಜಿನಲ್ಲಿ. ಅದೂ ಪೂರ್ತಿ ನಂದೀಶನಲ್ಲ, ಅವನ ಬಲಗೈ ಮಾತ್ರ.

ಪರದೆಯ ಮೇಲೆ ಬಡವರ ಮನೆಯ ಹುಡುಗನೊಬ್ಬ ಪರೀಕ್ಷೆಗೆ ಕುಳಿತಿದ್ದ. ಗಂಟೆ ಹೊಡೆಯಿತು. ಮರುಕ್ಷಣ ಪರದೆ ತುಂಬ ಒಂದು ಕೈ, ಕೈಯಲ್ಲಿ ಪೆನ್ನು, ಕಾಗದದ ಮೇಲೆ ಸಾಲಿನ ಹಿಂದೆ ಸಾಲು. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ಊರಿನಿಂದ ಟಂಟಂ ಗಾಡಿ ಮಾಡಿಕೊಂಡು ಬಂದವರು ಎದ್ದು ನಿಂತು ಸಿಳ್ಳೆ ಹೊಡೆದರು. "ನಂದ್ಯಾನ ಕೈ ಅದು, ಲೇ!" ತಾಯಿ ಶೇಖವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಣ್ಣಾಂವಿದ್ದಾಗ ರೊಟ್ಟಿ ಹಂಚ ಮುಟ್ಟಿ ಸುಟ್ಟಕೊಂಡದ್ದು, ನೋಡ್ರಿ," ಎಂದು ಅಕ್ಕಪಕ್ಕದ ಗುರುತಿಲ್ಲದವರಿಗೂ ಹೇಳಿದಳು. ಕೈ ಹೋಗಿ ನಾಯಕನ ಮುಖ ಬಂತು. ನಂದೀಶ ತನ್ನ ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದ. ಅವನಿಗೆ ಏನೂ ಅನ್ನಿಸಲಿಲ್ಲ.

ಏನೂ ಅನ್ನಿಸದಿರುವುದು ಅವನಿಗೆ ಹೊಸದೇನಲ್ಲ. ಮೊದಲ ಸಲ ಪಟ್ಟಿಯಲ್ಲಿ ತನ್ನ ನಂಬರು ಕಾಣದಾಗ ಗದಗಿನಿಂದ ಮುಂಡರಗಿಯವರೆಗೂ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತಿದ್ದ. ಮುಂದಿನ ಸಲ ಸಿಟ್ಟು ಬಂದಿತ್ತು. ಆಮೇಲಾಮೇಲೆ ಪಟ್ಟಿ ನೋಡುವುದು, ಮೊಬೈಲು ಕಿಸೆಗಿಡುವುದು, "ಅವ್ವಾ, ಇವತ್ತೇನ ಪಲ್ಯಾ?" ಎಂದು ಕೇಳುವುದು. ಕುಳಿತು ಕುಳಿತು ಕಾಲು ಮರಗಟ್ಟುತ್ತದಲ್ಲ, ಹಾಗೆ ಒಳಗೆಲ್ಲೋ ಮರಗಟ್ಟಿತ್ತು. ಈಗ ವಯಸ್ಸಿನ ಮಿತಿಗೆ ಬಂದು ನಿಂತಿದ್ದ. ಪಂಚಾಯ್ತಿ ಅಧಿಕಾರಿಯ ಹುದ್ದೆಗೆ ಇನ್ನೊಂದೇ ಪರೀಕ್ಷೆ ಬರೆಯಬಹುದಿತ್ತು. ಅದೂ ಹೋದರೆ ಅಣ್ಣನ ಹಿಟ್ಟಿನ ಗಿರಣಿ.

ಕೈ ಸಿನಿಮಾಕ್ಕೆ ಸೇರಿದ್ದು ಹೀಗೆ. ಗದಗಿನ ಹಳೆಯ ಕಾಲೇಜೊಂದರಲ್ಲಿ ಶೂಟಿಂಗ್ ನಡೆದಾಗ, ಪರೀಕ್ಷೆ ಕೋಣೆ ತುಂಬಿಸಲು ನಂದೀಶ ಓದುತ್ತಿದ್ದ ಲೈಬ್ರರಿಯ ಹುಡುಗರನ್ನು ಕರೆದೊಯ್ದರು. ನಾಯಕನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಎಲ್ಲರ ಅಕ್ಷರ ನೋಡಿ ನಂದೀಶನನ್ನು ಆರಿಸಿದರು.

"ಸರ್, ನಮ್ಮ ಪರೀಕ್ಷಾದಾಗ ಹಿಂಗ ಬರಿಯೂದ ಇರಂಗಿಲ್ರಿ. ಸರಿ ಉತ್ತರದ ಮುಂದಿನ ಗುಂಡು ಪೆನ್ನಿಲೆ ತುಂಬೂದು ಅಷ್ಟ," ಎಂದ ನಂದೀಶ.

"ಗುಂಡು ತುಂಬೋದನ್ನ ದುಡ್ಡು ಕೊಟ್ಟು ಯಾರ್ರೀ ನೋಡ್ತಾರೆ?" ಎಂದರು ನಿರ್ದೇಶಕರು. "ಏನಾದ್ರೂ ಬರೀರಿ. ಆದ್ರೆ ನಿಲ್ಲಿಸ್ಬಾರ್ದು, ಯೋಚನೆ ಮಾಡ್ಬಾರ್ದು. ನಮ್ಮ ಹೀರೋ ಮಹಾ ಬುದ್ಧಿವಂತ."

ಒಂದು ಸಾಲು ಬರೆದು ನಂದೀಶ ರೂಢಿಯಂತೆ ಯೋಚಿಸುತ್ತ ಪೆನ್ನು ನಿಲ್ಲಿಸಿದ. ಕಟ್. ಇನ್ನೊಮ್ಮೆ ಬರೆಯುವಾಗ ಬಗ್ಗಿದ. ಮತ್ತೆ ಕಟ್. "ಹಿಂದೆ ಸರೀರಿ, ತಲೆ ಬರ್ತಿದೆ. ನಮಗೆ ಕೈ ಸಾಕು." ಗಡ್ಡ ಮಾಡಿಸಿಕೊಳ್ಳುವವನಂತೆ ಕತ್ತು ಹಿಂದಕ್ಕೆಳೆದುಕೊಂಡು, ಯೋಚಿಸದೆ ಬರೆಯಲು ಬರುತ್ತಿದ್ದ ಒಂದೇ ಒಂದನ್ನು ಬರೆದ. ಊರು ಹಿರೇವಡ್ಡಟ್ಟಿ, ತಾಲೂಕು ಮುಂಡರಗಿ, ಜಿಲ್ಲೆ ಗದಗ. ಮತ್ತೆ ಅದೇ, ಮತ್ತೆ ಅದೇ. ಎಷ್ಟೋ ಅರ್ಜಿಗಳಲ್ಲಿ ತುಂಬಿದ ವಿಳಾಸ. ನಿರ್ದೇಶಕರು ಚಪ್ಪಾಳೆ ತಟ್ಟಿದರು.

ಸಿನಿಮಾ ಮಂದಿಯನ್ನು ನೋಡಿದರೆ ನನಗಂತೂ ಒಮ್ಮೊಮ್ಮೆ ಮೈ ಉರಿಯುತ್ತದೆ. ಅವರ ಬುದ್ಧಿವಂತನಿಗೆ ಯೋಚನೆಯೇ ಬೇಕಿಲ್ಲ. ಓದೆಲ್ಲ ಒಂದು ಹಾಡಿನೊಳಗೆ ಮುಗಿಯುತ್ತದೆ. ಹಾಡು ಶುರುವಾದಾಗ ಕೆದರಿದ ತಲೆ, ಮುಗಿಯುವಾಗ ರ‍್ಯಾಂಕು. ಇನ್ನು ಅದೃಷ್ಟವೆಂದರೆ ಕಿಟಕಿಯಿಂದ ಗಾಳಿ ಬರಬೇಕು, ಪುಸ್ತಕದ ಹಾಳೆ ತಾನಾಗಿ ತೆರೆಯಬೇಕು, ಮರುದಿನ ಅದೇ ಪ್ರಶ್ನೆ ಬರಬೇಕು. ನಂದೀಶನ ಖೋಲಿಗೂ ಕಿಟಕಿಯಿತ್ತು. ಅದರಿಂದ ಬಂದದ್ದು ಧೂಳು.

ನಮ್ಮ ಊರ ಮಂದಿ ಇನ್ನೊಂದು ಹೆಜ್ಜೆ ಮುಂದೆ. ಅಲ್ಲಿ ಕೈಗುಣಕ್ಕೆ ಭಾರಿ ಬೆಲೆ. ಬಿತ್ತಲು ಹೊರಟರೆ ಮೊದಲ ಹಿಡಿ ಬೀಜ ಇಂಥವರ ಕೈಯಿಂದಲೇ ಆಗಬೇಕು, ಸೂಜಿ ಇಂಥ ಕಂಪೌಂಡರನದೇ ತಾಗಬೇಕು. ಸಾವಿರಾರು ಜನರ ಮುಂದೆ ಪರೀಕ್ಷೆ ಪಾಸು ಮಾಡಿದ ಕೈ ಊರಲ್ಲೇ ಇರುವಾಗ ಬಿಡುತ್ತಾರೆಯೇ? ಮೊದಲು ಒಬ್ಬಾಕೆ ಕೂಸಿಗೆ ಅಕ್ಷರ ತಿದ್ದಿಸಿಕೊಂಡು ಹೋದಳು. ಆಮೇಲೆ ಹತ್ತನೆಯ ತರಗತಿಯವರು ಪೆನ್ನು ಮುಟ್ಟಿಸಿಕೊಳ್ಳಲು ಬಂದರು. ಈ ಕೈಯ ಒಡೆಯ ಎಲ್ಲ ಪರೀಕ್ಷೆಗಳಲ್ಲೂ ನಪಾಸಾದವನೆಂದು ಊರಿಗೆ ಗೊತ್ತಿತ್ತು. ಅದಕ್ಕೂ ಕೈಗುಣಕ್ಕೂ ಸಂಬಂಧವಿದೆಯೆಂದು ಯಾರಿಗೂ ತೋಚಲಿಲ್ಲ. ನಂದೀಶ ಬೇಡವೆನ್ನಲಿಲ್ಲ. ಬೇಡವೆನ್ನಲು ಸ್ವಲ್ಪವಾದರೂ ಸಿಟ್ಟು ಬರಬೇಕಲ್ಲ.

ಕೊನೆಯ ಪರೀಕ್ಷೆಯ ಹಿಂದಿನ ದಿನ ಪಕ್ಕದ ಮನೆಯ ಕರಿಯವ್ವ ಮಗಳು ಸುಶ್ಮಿತಾಳನ್ನು ಕರೆತಂದಳು. ಅವಳೂ ಅದೇ ಪರೀಕ್ಷೆಗೆ ಕಟ್ಟಿದ್ದಳು, ಮೊದಲ ಸಲ.

"ಅಣ್ಣಾ, ನಾ ಓದೀನಿ," ಎಂದಳು ಸುಶ್ಮಿತಾ ನಾಚಿಕೊಂಡು. "ಅವ್ವ ಕೇಳವಲ್ಲಳು. ಸುಮ್ನ ಈ ಪೆನ್ನ ಮುಟ್ಟಿಬಿಡು."

ಮುಟ್ಟಿದ. ಅವರು ಹೋದ ಮೇಲೆ ಶೇಖವ್ವ ಒಳಗಿಂದ ಮಗನ ಪೆನ್ನನ್ನೇ ತಂದಳು.

"ಎಲ್ಲಾರಿಗೂ ಮುಟ್ಟಿಕೊಟ್ಟಿ. ನಿಂದೂ ಮುಟ್ಟು."

"ಅವ್ವಾ, ಅದನ್ನ ನಾನ ಹಿಡಕೊಂಡು ಬರಿಯೂದಲ್ಲನು?"

"ಹಂಗಲ್ಲೋ. ಮೊದಲ ಎಡಗೈಲೆ ಹಿಡಕೋ. ಆಮ್ಯಾಲೆ ಬಲಗೈ ಮುಟ್ಟಿಸು."

ಅವಳ ಮುಖ ನೋಡಿ, ಹೇಳಿದಂತೆ ಮಾಡಿದ. ಬೇರೆಯವರ ಪೆನ್ನಿಗೆ ಬೇರೆಯವರ ಕೈ ತಾಗಿಸಿದಂತಾಯಿತು.

ಮರುದಿನ ಪರೀಕ್ಷೆಯಲ್ಲಿ ಅರ್ಧ ಗೊತ್ತಿರುವ, ಅರ್ಧ ಗೊತ್ತಿಲ್ಲದ ಪ್ರಶ್ನೆಗಳು ಎಂದಿನಂತೆ ಬಂದವು. ಎರಡು ಗುಂಡುಗಳ ನಡುವೆ ಪೆನ್ನು ನಿಂತಾಗ, ಕೈ ತಾನಾಗಿ ಒಂದರ ಮೇಲೆ ಇಳಿಯಲಿ ಎಂದು ನಂದೀಶನೂ ಕಾದ. ಅಷ್ಟು ಓದಿದವನಾಗಿಯೂ ಕಾದ. ಕೈ ಅಲ್ಲಾಡಲಿಲ್ಲ. ಅಂದಾಜಿನ ಮೇಲೆ ತುಂಬಿ ಎದ್ದು ಬಂದ.

ಪಟ್ಟಿ ಬಂದ ದಿನ ಅವನು ಗಿರಣಿಯಲ್ಲಿದ್ದ. ಅಣ್ಣ ಮುಂಡರಗಿಗೆ ಹೋಗಿದ್ದ. ಮೊಬೈಲಿನಲ್ಲಿ ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ. ತನ್ನ ನಂಬರು ಇರಲಿಲ್ಲ. ಇನ್ನು ಬರೆಯುವುದಕ್ಕೂ ಇಲ್ಲ, ನೋಡುವುದಕ್ಕೂ ಇಲ್ಲ. ಯಾರದೋ ಜೋಳದ ಡಬ್ಬಿ ಎತ್ತಿ ಗಿರಣಿಗೆ ಸುರಿದ. ಊಟದ ಬುತ್ತಿ ತಂದ ಶೇಖವ್ವ ಅವನನ್ನು ನೋಡಿದಳು. ಬುತ್ತಿಯನ್ನು ಮೂಲೆಗಿಟ್ಟು ಅಲ್ಲೇ ಕುಳಿತಳು.

ಅಷ್ಟರಲ್ಲಿ ಕರಿಯವ್ವ ಪೇಢೆಯ ಬಾಕ್ಸು ಹಿಡಿದುಕೊಂಡು ಓಡುತ್ತಲೇ ಬಂದಳು, ಹಿಂದೆ ಸುಶ್ಮಿತಾ.

"ಪಾಸಾದ್ಳೋ ಯಪ್ಪಾ! ನಿನ್ನ ಕೈಗುಣ ನನ್ನ ಮಗಳನ್ನ ದಡಾ ಮುಟ್ಟಿಸಿತು!" ಎಂದು ಅವನ ಹಿಟ್ಟು ಮೆತ್ತಿದ ಕೈಯನ್ನು ಎಳೆದು ಕಣ್ಣಿಗೊತ್ತಿಕೊಂಡಳು. ಅವಳ ರೆಪ್ಪೆಗೂ ಹಿಟ್ಟಾಯಿತು. "ಫೋಟೋ ತಗಿಯೇ, ನಿಮ್ಮ ಸ್ವಾದರಮಾವಗ ಕಳಸೂಣು."

ಸುಶ್ಮಿತಾ ಮೊಬೈಲು ಹಿಡಿದಳು. ಪೇಢೆ, ಕೈ, ಕೈಯ ಕಲೆ.

"ಅಣ್ಣಾ, ಒಂದೀಟ ಹಿಂದಕ್ಕ ಸರಿ. ತಲಿ ಅಡ್ಡ ಬರಾಕತ್ತೈತಿ."

ಅವಳು ಹೇಳಿ ಮುಗಿಸುವ ಮೊದಲೇ ನಂದೀಶನ ಕತ್ತು ಹಿಂದಕ್ಕೆ ಹೋಗಿತ್ತು.

ಮೂಲೆಯಲ್ಲಿದ್ದ ಶೇಖವ್ವ ಎದ್ದು ನಿಂತಳು. ಅವಳು ಏರು ದನಿಯಲ್ಲಿ ಮಾತಾಡಿದ್ದನ್ನು ಆ ಓಣಿ ಎಂದೂ ಕೇಳಿರಲಿಲ್ಲ.

"ಬರೇ ಕೈ ಯಾಕ ತಗೀತೀಯೇ? ನನ್ನ ಮಗಗ ಮಾರಿ ಇಲ್ಲನು? ಅಂವನೂ ಬರದಾನ ಪರೀಕ್ಷಾ. ಅಂವಂದೇನಾತು ಅಂತ ಒಬ್ಬರರ ಕೇಳಿದ್ರೇನು?"

ಕರಿಯವ್ವ ಕೈ ಬಿಟ್ಟಳು. ಸುಶ್ಮಿತಾಳ ಮುಖ ಸಣ್ಣದಾಯಿತು. "ತಪ್ಪಾತು, ಅಣ್ಣಾ," ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು, ಅವನು ಪೂರ್ತಿ ಕಾಣುವ ಹಾಗೆ ಮೊಬೈಲು ಎತ್ತಿದಳು. ನಗು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಯಾವ ಮುಖ ಮಾಡಬೇಕೆಂದು ನಂದೀಶನಿಗೂ ತಿಳಿಯಲಿಲ್ಲ.

ಆ ಫೋಟೋ ಇನ್ನೂ ಸುಶ್ಮಿತಾಳ ಮೊಬೈಲಿನಲ್ಲಿದೆ. ನಂದೀಶ ಅದರಲ್ಲಿ ಅವ್ವನ ಕಡೆಗೆ ನೋಡುತ್ತಿದ್ದಾನೆ. ಹುಬ್ಬಿನ ಮೇಲೆಲ್ಲ ಹಿಟ್ಟು ಕುಳಿತಿದೆ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾನೆ.