ಒಂದೇ ಬಟ್ಟೆಯ ಎರಡು ಚೀಲ

“ಅಮ್ಮಾ, ಮೀನಾಕ್ಷಮ್ಮ ಟೀಚರ್ ಕೆಟ್ಟೋರಾ?”

ಅನ್ನ ಕಲೆಸುತ್ತಿದ್ದ ಸರ್ವಮಂಗಳಳ ಕೈ ನಿಂತಿತು. ಐದು ವರ್ಷದ ಶೋಭಾ ಇದನ್ನು ಎಲ್ಲಿಂದ ಹೊತ್ತು ತಂದಳೆಂದು ಕೇಳಬೇಕಾಗಿರಲಿಲ್ಲ. ಯಡಿಯೂರಿನ ಆ ಬೀದಿಯಲ್ಲಿ ವಾರದಿಂದ ಒಗ್ಗರಣೆಯ ಸಾಸಿವೆಗಿಂತ ಆ ಮಾತೇ ಹೆಚ್ಚು ಸಿಡಿಯುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಮೀನಾಕ್ಷಮ್ಮ ಜಗಲಿಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಬದುಕುತ್ತಿದ್ದರು. ಚೂರು ಬಟ್ಟೆಯನ್ನೂ ಬಿಸಾಡುವವರಲ್ಲ. ಉಳಿದ ಪರದೆ ಬಟ್ಟೆಯಲ್ಲಿ ಎರಡು ಚೀಲ ಹೊಲಿದು, ಒಂದನ್ನು ಎದುರುಮನೆಯ ಬಸವಲಿಂಗಮ್ಮನಿಗೆ ಕೊಟ್ಟದ್ದೇ ತಪ್ಪಾಯಿತು.

ಬಸವಲಿಂಗಮ್ಮನ ಗಂಡ ಕೊಟ್ರಪ್ಪ ಬಸ್ ಕಂಡಕ್ಟರ್. ಮುಂಜಾನೆ ಡ್ಯೂಟಿಗೆ ಹೊರಟವನು ಹಾಲಿನ ಬೂತಿನ ಮುಂದೆ ಖಾಲಿ ಬಾಟಲಿಯ ಚೀಲ ಇಟ್ಟು ಹೋಗುತ್ತಿದ್ದ. ಬೂತು ತೆರೆಯುವವರೆಗೆ ಮನುಷ್ಯರ ಬದಲು ಚೀಲಗಳೇ ಸಾಲು ನಿಲ್ಲುವುದು ಅಲ್ಲಿಯ ಪದ್ಧತಿ. ಮೀನಾಕ್ಷಮ್ಮನಿಗೆ ಮಂಡಿನೋವೆಂದು ಅವರ ಚೀಲವನ್ನೂ ಜೊತೆಗೆ ಇಡಿಸುತ್ತಿದ್ದವಳು ಬಸವಲಿಂಗಮ್ಮನೇ.

ದಿನಾ ಒಂದೇ ಬಟ್ಟೆಯ ಎರಡು ಚೀಲ, ಅಕ್ಕಪಕ್ಕ!

“ನೋಡ್ರೀ, ಹೆಂಗೆ ಒತ್ಕೊಂಡು ಕೂತವೆ,” ಎಂದರು ಚೀಲ ಇಡಲು ಬಂದ ಅದೇ ಬೀದಿಯ ಪಾರ್ವತಮ್ಮ. “ಇನ್ನು ಓಲಗ ಊದಿಸೋದೊಂದು ಬಾಕಿ.”

ಗಂಡನಿಗೂ ಟೀಚರಿಗೂ ಸಂಬಂಧವಂತೆ ಎಂಬ ಸುದ್ದಿ ಕೇಳಿ ಬಸವಲಿಂಗಮ್ಮ ಬಿದ್ದು ಬಿದ್ದು ನಕ್ಕಳು. “ನಮ್ಮನೆಯೋರು ಊಟ ಆಗ್ತಿದ್ದಂಗೆ ಗೊರಕೆ ಹೊಡೀತಾರೆ. ಅವರಿಗೆ ಲವ್ ಮಾಡೋಕೆ ಟೈಮ್ ಎಲ್ಲಿದೆ?”

ಬೀದಿ ಮಾತ್ರ ನಗಲಿಲ್ಲ. “ಪಾಪ, ಮರ್ಯಾದೆಗೆ ಅಂಜಿ ನಗ್ತಾಳೆ,” ಎಂದಿತು. ಹನ್ನೊಂದು ಹುಡುಗಿಯರಲ್ಲಿ ಎಂಟು ಜನ ಹೊಲಿಗೆ ಬಿಟ್ಟರು. ಒಬ್ಬಳಿಗೆ ಜ್ವರ, ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬಳಿಗೆ ಎರಡೂ. ಉಳಿದ ಮೂವರೂ ಹೋದರೆ ಮೀನಾಕ್ಷಮ್ಮ ಮನೆ ಖಾಲಿ ಮಾಡಿ ತಮ್ಮನ ಆಶ್ರಯಕ್ಕೆ ಹೋಗಬೇಕಿತ್ತು.

“ಕೆಟ್ಟೋರಲ್ಲ ಪುಟ್ಟಿ. ಅವರಿಗೆ ಕಾಲು ನೋವು, ಜನಕ್ಕೆ ಬಾಯಿ ಗಟ್ಟಿ. ಅಷ್ಟೆ,” ಎಂದು ಸರ್ವಮಂಗಳ ತುತ್ತಿಟ್ಟಳು. ಹೇಳಿದ್ದೇನೋ ಸರಿ, ಆದರೆ ವಾರದಿಂದ ತಾನೂ ಆ ಮನೆಯ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡಿದ್ದಳು.

ಮಧ್ಯಾಹ್ನ ರವಿಕೆ ಬಟ್ಟೆ ಹಿಡಿದು ಹೋದಳು. ಹೋದದ್ದು ಹಿತ್ತಲ ಬಾಗಿಲಿಗೆ.

ಮೀನಾಕ್ಷಮ್ಮ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ನಕ್ಕರು. “ಈಗ ಎಲ್ಲರೂ ಹಿತ್ತಲಿಂದಾನೇ ಬರ್ತಾರೆ ಕಣಮ್ಮ. ನನ್ನ ಕೈ ಬೇಕು, ಮುಖ ಬೇಡ.”

ಸರ್ವಮಂಗಳಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

“ಒಂದು ಉಪಕಾರ ಮಾಡ್ತೀಯಾ ಮಂಗಳಾ?” ಎಂದರು ಮೀನಾಕ್ಷಮ್ಮ. “ನಾಳೆ ಸಾಯಂಕಾಲ ಮಗೂನ ಕರ್ಕೊಂಡು ಮುಂಬಾಗಿಲಿಂದ ಬಾ. ಒಂದರ್ಧ ಗಂಟೆ ಜಗಲಿ ಮೇಲೆ ಕೂತ್ಕೋ. ಗುಂಡಿ ಹಾಕೋದು ಹೇಳ್ಕೊಡ್ತೀನಿ. ನೀನು ಕಲೀದಿದ್ರೂ ಪರವಾಗಿಲ್ಲ, ಪಾರ್ವತಮ್ಮ ಈ ಮುಂದಿಂದ ದೇವಸ್ಥಾನಕ್ಕೆ ಹೋಗೋ ಹೊತ್ತಿಗೆ ಸರಿಯಾಗಿ ಕೂತಿರು.”