ಹದಿನೆಂಟು ಮೀಟರಿನ ಕೆಳಗೆ

ರೋಣದ ಸುತ್ತಮುತ್ತ ನೀರಿನ ಮೋಟರು ರಿಪೇರಿ ಮಾಡುವ ನಾನು ಹೋದ ವರ್ಷ ಮುರ್ಡೇಶ್ವರದ ಸಮುದ್ರದಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸು ಮುಗಿಸಿದೆ. ಆ ಸರ್ಟಿಫಿಕೇಟಿಗೆ ಹದಿನೆಂಟು ಮೀಟರ್ ಆಳವೇ ಮಿತಿ. ಆ ಆಳದಲ್ಲಿ ತೇಲುತ್ತಿದ್ದಾಗ ಒಂದು ಆಮೆ ನನ್ನ ಕಾಲ ಕೆಳಗಿನ ನೀಲಿಯೊಳಗೆ ಇಳಿದು ಮರೆಯಾಯಿತು. ಅಂದಿನಿಂದ ಆ ನೀಲಿಯದೇ ಹಂಬಲ. ಅಷ್ಟು ಕೆಳಗಿಳಿಯಲು ಅಡ್ವಾನ್ಸ್ಡ್ ಕೋರ್ಸು ಬೇಕು.

ಮೊನ್ನೆ ಯಾವಗಲ್ ಊರಿನ ಬಾವಿಯೊಂದರಲ್ಲಿ ಮೋಟರು ಕಳಚಿ ಬಿದ್ದಿತ್ತು. ಅದನ್ನೆತ್ತಲು ಬಂದ ಖಾದರಸಾಬರು ಉಸಿರು ಬಿಗಿಹಿಡಿದು ಮುಳುಗಿ, ಹಗ್ಗ ಕಟ್ಟಿ ಮೇಲೆ ಬಂದರು. ಅವರು ಮೈ ಒರೆಸಿಕೊಳ್ಳುತ್ತಿದ್ದಾಗ ನನ್ನ ಕಥೆಯೆಲ್ಲ ಹೇಳಿ ಕೇಳಿದೆ:

"ಚಾಚಾ, ಆ ದೊಡ್ಡ ಕೋರ್ಸು ಮಾಡ್ಲೇಬೇಕೇನ್ರಿ?"

"ಈಗ ಇಳಿಯೂವಷ್ಟರಾಗ ಏನೇನ್ ಕಾಣ್ತೈತ್ರಿ?"

"ಬಣ್ಣಬಣ್ಣದ ಮೀನು, ಹವಳ. ಚೆಂದ ಇರೂದೆಲ್ಲಾ ಅಲ್ಲೇ ಐತ್ರಿ. ಖುಷಿಗೆ ಇಳಿಯಾವ್ರಿಗೆ ಅಷ್ಟ ಸಾಕಂತಾರ."

"ಮತ್ತ್ಯಾಕ್ರಿ?"

"ಆ ಆಮಿ ಎಲ್ಲಿ ಹೋತಂತ ನೋಡಬೇಕ್ರಿ."

ಅವರು ನಗಲಿಲ್ಲ. "ಮೂವತ್ತ ವರ್ಷ ಬಾವಿಗೆ ಇಳದೇನ್ರಿ. ಒಳಗೆಲ್ಲಾ ಕತ್ತಲಿ, ಕೈಲೆ ತಡವಿ ಹುಡುಕೂದು. ನೀರಾಗ ಕಣ್ಣಿಗೆ ಕಾಣ್ತೈತಿ ಅಂದ್ರ... ಆ ಸಣ್ಣ ಕೋರ್ಸು ನನಗ ಕಲಸ್ತಾರೇನ್ರಿ?"

ನನ್ನ ದೊಡ್ಡ ಕೋರ್ಸನ್ನು ಮುಂದಕ್ಕೆ ಹಾಕಿದೆ. ಈ ಸಲ ಅವರ ಜೊತೆ ಮತ್ತೆ ಹದಿನೆಂಟಕ್ಕೇ ಇಳಿಯೋಣವೆಂದು ಅಲ್ಲೇ ಮೊಬೈಲಿನಲ್ಲಿ ಅವರ ಅರ್ಜಿ ತುಂಬತೊಡಗಿದೆ. ನೀರಿನಾಳಕ್ಕೆ ಇಳಿದ ಅನುಭವ ಇದೆಯೇ ಎಂದು ಕೇಳಿದ್ದರು. ಹೆಮ್ಮೆಯಿಂದ 'ಇದೆ' ಎಂದು ಒತ್ತಲು ಹೋದೆ.

ಖಾದರಸಾಬರು ಕೈ ಹಿಡಿದರು. "ಇಲ್ಲ ಅಂತ ಹಾಕ್ರಿ. ಇಳದೇನಿ ಖರೇ, ನೋಡಿಲ್ಲಲ್ಲ."