ಅರ್ಧದ ಕಚ್ಚು

‘ತಪ್ಪಾಯಿತು’ ಎನ್ನುವ ಮಾತು ಕೋವಿ ಮೇಸ್ತ್ರಿಯ ಬಾಯಿಂದ ಬರಬೇಕಾದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಬೇಕು ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಮಾತು ಸುಳ್ಳಲ್ಲ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಗಿರಾಕಿ ಅವಸರಪಡಿಸಿದರೆ ಕೋವಿಯನ್ನು ಎತ್ತಿ ಅವನ ಕೈಗೇ ಕೊಟ್ಟು, "ಹೋಗಪ್ಪ, ಗುದ್ದಲಿ ಮಾಡೋನ ಹತ್ರ ಕೊಡು, ಸುತ್ತಿಗೇಲಿ ಎರಡು ಬಿಟ್ಟು ಬೇಗ ಕೊಡ್ತಾನೆ" ಎನ್ನುತ್ತಿದ್ದ. ಆದರೆ ಮೂವತ್ತೆಂಟು ವರ್ಷದಲ್ಲಿ ಅವನು ರಿಪೇರಿ ಮಾಡಿದ ಒಂದು ಕೋವಿಯೂ ತಾನಾಗಿ ಸಿಡಿದದ್ದಿಲ್ಲ. ಅದನ್ನೂ ಬೀದಿಯವರೇ ಹೇಳುತ್ತಿದ್ದರು. ಹೆಂಡತಿ ಸತ್ತ ಮೇಲೆ ಅವನಿಗೆ ಉಳಿದದ್ದು ಆ ಹೆಸರು, ಮತ್ತೆ ಒಬ್ಬಳೇ ಮಗಳು.

ಒಂಬತ್ತು ವರ್ಷದ ಹಿಂದೆ ಜೋಡಿ ನಳಿಗೆಯ ಒಂದು ಇಂಗ್ಲಿಷ್ ಕೋವಿ ಅವನ ಅಂಗಡಿಗೆ ಬಂತು. ನೂರಮೂವತ್ತು ವರ್ಷ ಹಳೆಯ ಮಾಲು. ಕಬ್ಬಿಣದ, ಉಕ್ಕಿನ ಪಟ್ಟಿಗಳನ್ನು ಕೂಡಿಸಿ, ತಿರುಚಿ, ಕಾಸಿ ಬಡಿದು ಮಾಡಿದ ನಳಿಗೆಗಳು. ಮೈತುಂಬ ಹಳೆ ಮರದ ಗೆರೆಗಳಂಥ ಸುಳಿ. ಹಿಂಬದಿಯಲ್ಲಿ ಎರಡು ಕುದುರೆ, ಅಂದರೆ ಹೆಬ್ಬೆರಳಲ್ಲಿ ಹಿಂದಕ್ಕೆಳೆದಿಟ್ಟು ಟ್ರಿಗರ್ ಒತ್ತಿದರೆ ತೋಟಾಕ್ಕೆ ಬಡಿಯುವ ಕೊಕ್ಕೆಗಳು, ಮೊಲದ ಕಿವಿಯ ಹಾಗೆ ನಿಂತಿದ್ದವು. ಪಕ್ಕದ ತಗಡಿನ ಮೇಲೆ ಬಳ್ಳಿ ಕೆತ್ತಿದವನು ಯಾವ ಪುಣ್ಯಾತ್ಮನೋ, ಒಂದೆಲೆ ಇನ್ನೊಂದರ ಹಾಗಿರಲಿಲ್ಲ. ಪ್ರತಿ ತಿರುಪಿನ ತಲೆಯ ಗೀರೂ ಒಂದೇ ದಿಕ್ಕಿಗೆ ಬಂದು ನಿಂತಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ ಹರಡಿಕೊಂಡು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಇದನ್ನ ಮಾಡಿದವನ ಮುಂದೆ ನಾನು ತಗಡು ಬಡಿಯೋನು ಕಣೇ" ಎಂದು ಮಗಳಿಗೆ ಹೇಳಿದ. ಅವನು ಇನ್ನೊಬ್ಬರನ್ನು ಹೊಗಳಿದ್ದು ಆವತ್ತೊಂದೇ ದಿನ.

ಸವೆದಿದ್ದದ್ದು ಬಲಗಡೆ ಕುದುರೆಯ ಅರ್ಧದ ಕಚ್ಚು ಮಾತ್ರ. ಕುದುರೆಯನ್ನು ಪೂರ್ತಿ ಎಳೆಯದೆ ಅರ್ಧಕ್ಕೆ ನಿಲ್ಲಿಸಿದಾಗ ಒಳಗಿನ ಉಕ್ಕಿನ ತುಂಡಿನಲ್ಲಿರುವ ಈ ಕಚ್ಚು ಅದನ್ನು ಭದ್ರವಾಗಿ ಹಿಡಿದಿರಬೇಕು. ಆಮೇಲೆ ಕೋವಿ ಬಿದ್ದರೂ ಸಿಡಿಯಬಾರದು, ಟ್ರಿಗರ್ ಒತ್ತಿದರೂ ಸಿಡಿಯಬಾರದು. ಕಚ್ಚು ಸವೆದ ಕೋವಿ ಎಂದರೆ ಮನೆಯ ಮೂಲೆಯಲ್ಲಿ ಯಮನನ್ನು ನಿಲ್ಲಿಸಿಕೊಂಡ ಹಾಗೆ. ಮೇಸ್ತ್ರಿ ಆ ತುಂಡನ್ನೇ ಹೊಸದಾಗಿ ಅರದಲ್ಲಿ ಉಜ್ಜಿ ಮಾಡಿ, ಕಾಸಿ ಗಟ್ಟಿ ಮಾಡಿ ಕೂರಿಸಿದ. ಹದಿನೇಳು ದಿನ ಹಿಡಿಯಿತು. ಅಜ್ಜನ ಕಾಲದ ಆ ಕೋವಿಯನ್ನು ತಂದಿದ್ದ ಯುವಕ ಹದಿನೇಳು ದಿನವೂ ಅಂಗಡಿಗೆ ಬಂದ. ಅವನು ಬರುತ್ತಿದ್ದದ್ದು ಕೋವಿ ನೋಡುವುದಕ್ಕಲ್ಲ ಎನ್ನುವುದು ಮೇಸ್ತ್ರಿಯೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಗೊತ್ತಿತ್ತು. ಕೊನೆಗೆ ಕೋವಿಯ ಹಿಂದೆ ಮಗಳೂ ಆ ಮನೆ ಸೇರಿದಳು.

ಹೋದ ವರ್ಷ ಒಂದು ಮಧ್ಯಾಹ್ನ ಆ ಕೋವಿಯ ಬಲ ನಳಿಗೆಯ ಈಡು ಅಳಿಯನ ಅಣ್ಣನ ಎದೆಗೆ ಬಿತ್ತು. ಮನೆ ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ನೋಡಿದವರು ಯಾರೂ ಇಲ್ಲ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಗೋಡೆಗೆ ಒರಗಿಸಿದ್ದೆ, ಜಾರಿ ಬಿದ್ದು ಸಿಡಿಯಿತು ಎಂದು ಅಳಿಯ ಪೊಲೀಸರಿಗೆ ಹೇಳಿದ.

ಸುದ್ದಿ ಕೇಳಿದ ಮೇಸ್ತ್ರಿ ಕೂತಲ್ಲೇ ತಣ್ಣಗಾದ. ತಾನು ಮಾಡಿದ ಕಚ್ಚು ಜಾರುವುದಿಲ್ಲ. ಜಾರಲಿಲ್ಲ ಅಂದಮೇಲೆ ಯಾರೋ ಕುದುರೆಯನ್ನು ಪೂರ್ತಿ ಎಳೆದಿದ್ದಾರೆ, ಟ್ರಿಗರನ್ನೂ ಒತ್ತಿದ್ದಾರೆ. ಆ ಯಾರೋ ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಮಾರನೆಯ ದಿನ ಮಗಳು ಬಂದಳು. ತಲೆ ಬಾಚಿರಲಿಲ್ಲ, ಸೊಂಟದ ಮೇಲೆ ಮಗು. ಬಂದವಳೇ, "ಅಪ್ಪ, ಕೋವೀದೇ ತಪ್ಪು ಅಲ್ವಾ?" ಎಂದಳು.

ಮೇಸ್ತ್ರಿ ಕೈಲಿದ್ದ ಅರವನ್ನು ಮೇಜಿನ ಮೇಲಿಟ್ಟ.

"ಹೇಳಪ್ಪ. ಅವ್ರು ಬೇಕಂತ ಮಾಡಿದ್ರೆ ನಾನು ಹೆಂಗೆ ಬದುಕಲಿ? ಈ ಮಗೂಗೆ ನಿಮ್ಮಪ್ಪ ಏನು ಅಂತ ಹೇಳ್ಲಿ? ಎಲ್ಲಾದ್ರೂ ಕೆರೆ ಬಾವಿ ನೋಡ್ಕೋಬೇಕು, ಅಷ್ಟೆ."

ಹಾಳಾದ್ದು, ಹೆತ್ತ ಕರುಳು! ಅವಳು ಹೇಳಿದ್ದನ್ನು ಮಾಡುವವಳು ಎನ್ನುವುದು ಅವನಿಗೆ ಗೊತ್ತಿತ್ತು. "ಹೂಂ ಕಣಮ್ಮ" ಎಂದ. "ಕಚ್ಚು ಸರಿ ಕೂತಿರ್ಲಿಲ್ಲ. ನನ್ನದೇ ತಪ್ಪು." ಅಂತೂ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ. ಮಗಳು ಅಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತಳು.

ಅಳಿಯನ ಕೋವಿಯನ್ನು ಮಾವನ ಕೈಲೇ ಪರೀಕ್ಷೆ ಮಾಡಿಸುತ್ತಾರೆಯೇ ಎಂದು ನೀವು ಕೇಳಬಹುದು. ಅಂಥ ಹಳೆಯ ಕೋವಿ ಬಿಚ್ಚಲು ಬಲ್ಲವನು ಸುತ್ತಮುತ್ತ ಅವನೊಬ್ಬನೇ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯ ಸತ್ತರೂ ತನ್ನ ಕೆಲಸ ಕೆಟ್ಟಿದೆ ಎನ್ನುವುದಿಲ್ಲ ಎಂದು ತಿಳಿದೇ ಪೊಲೀಸ್ ಅಧಿಕಾರಿ ಅವನನ್ನು ಕರೆಸಿದ್ದ.

ಠಾಣೆಯ ಮೇಜಿನ ಮೇಲೆ ಹಳೆ ಪೇಪರು ಹಾಸಿ ಮೇಸ್ತ್ರಿ ಕೋವಿ ಬಿಚ್ಚಿದ. ಒಳಗಿನ ತುಂಡನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದ. ಎಂಟು ವರ್ಷವಾಗಿದ್ದರೂ ಕಚ್ಚಿನ ಅಂಚು ಆವತ್ತಿನ ಹಾಗೇ ಚೂಪಾಗಿತ್ತು. ಅಷ್ಟು ಒಳ್ಳೆಯ ಕೆಲಸ ಅವನು ಮತ್ತೆ ಮಾಡಿರಲಿಲ್ಲ. ಎದೆ ಉಬ್ಬಿತು, ಉಬ್ಬಿದ್ದಕ್ಕೇ ತನ್ನನ್ನು ತಾನೇ ಬೈದುಕೊಂಡ.

"ಎಣ್ಣೆ ಗಟ್ಟಿಯಾಗಿ ಕೂತಿದೆ ಸಾರ್, ಸ್ವಲ್ಪ ಉಜ್ಜಬೇಕು" ಎಂದ.

"ಉಜ್ಜಿ, ಉಜ್ಜಿ" ಎಂದ ಅಧಿಕಾರಿ ಫೋನ್ ಹಿಡಿದು ಕಿಟಕಿಯ ಕಡೆ ತಿರುಗಿದ.

ಮೇಸ್ತ್ರಿ ಜೇಬಿನಿಂದ ಪುಟ್ಟ ಸಾಣೆಕಲ್ಲು ತೆಗೆದ. ಹದಿನೇಳು ದಿನದ ಕೆಲಸ ಕೆಡಿಸಲು ಹತ್ತು ನಿಮಿಷ ಸಾಕಾಯಿತು. ಮತ್ತೆ ಜೋಡಿಸಿ, ತೋಟಾ ಹಾಕದೆ, ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಕೋವಿಯ ಬುಡವನ್ನು ಅಧಿಕಾರಿಯ ಎದುರಿಗೇ ನೆಲಕ್ಕೆ ಕುಟ್ಟಿದ. ಕುದುರೆ ಠಕ್ಕೆಂದು ಬಿತ್ತು.

ಅಧಿಕಾರಿ ಬಹಳ ಹೊತ್ತು ಅವನ ಮುಖ ನೋಡಿದ. "ಇದು ನಿಮ್ಮ ಕೆಲಸ ತಾನೆ, ಮೇಸ್ತ್ರಿ?"

"ನಂದೇ ಸಾರ್. ಬರ್ಕೊಡ್ತೀನಿ."

ಅಳಿಯ ಬಿಡುಗಡೆಯಾದ. ಮೇಸ್ತ್ರಿಯ ಲೈಸೆನ್ಸ್ ಹೋಯಿತು. ಈಗ ಅದೇ ಅಂಗಡಿಯಲ್ಲಿ ಕತ್ತರಿ, ಚಾಕು ಸಾಣೆ ಹಿಡಿಯುತ್ತಾನೆ. ಕತ್ತರಿ ಕೊಡಲು ಬಂದವರೂ, "ನೋಡಿ ಮೇಸ್ತ್ರಿ, ಜೀವಗೀವ ತೆಗೆದೀರಿ" ಎಂದು ನಗುತ್ತಾರೆ. ಅದನ್ನೆಲ್ಲ ಅವನು ನುಂಗಿಕೊಂಡ.

ಕೇಸು ಮುಗಿದು ಕೋವಿ ವಾಪಸು ಬಂದಾಗ ಅಳಿಯ ಅದನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟ. ಮಗಳು ಹೊಸ್ತಿಲು ದಾಟಲಿಲ್ಲ.

"ಮಾವ, ಆ ಕಚ್ಚೊಂದು ಸರಿಮಾಡ್ಕೊಡಿ. ಯಾರಿಗೂ ಹೇಳಲ್ಲ."

"ರೀ, ಬೇಡ" ಎಂದಳು ಮಗಳು. "ಅಪ್ಪನ ಕೈಗೆ ಕೊಡ್ಬೇಡಿ. ಭಾವನ ಜೀವ ಹೋಗಿದ್ದು ಸಾಲ್ದಾ?"

"ಹಂಗನ್ಬಾರದು ಕಣೇ. ವಯಸ್ಸಾಯ್ತು, ಪಾಪ. ಅಣ್ಣನ್ನ ಕಳ್ಕೊಂಡೋನು ನಾನೇ ಮನ್ನಿಸಿದೀನಿ, ನೀನು ಹೊಟ್ಟೇಲಿ ಹುಟ್ಟಿದ ಮಗಳು." ಅಳಿಯ ಇದನ್ನು ಮೇಸ್ತ್ರಿಯ ಮುಖವನ್ನೇ ನೋಡುತ್ತ ಹೇಳಿದ. ದನಿಯಲ್ಲಿ ಎಷ್ಟು ಕರುಣೆ!

ಮೇಸ್ತ್ರಿಗೆ ನೆತ್ತಿಯವರೆಗೆ ರಕ್ತ ಏರಿತು. ಕೊಂದವನು ನಾನಲ್ಲ, ನಿನ್ನ ಪಕ್ಕದಲ್ಲಿ ನಿಂತಿದಾನಲ್ಲ, ಇವನು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದ. ಮಗಳನ್ನು ನೋಡಿದ. ಅವಳು ತಲೆ ಬಾಚಿದ್ದಳು. ಕೆನ್ನೆ ತುಂಬಿಕೊಂಡಿತ್ತು. ರಾತ್ರಿ ನಿದ್ದೆ ಮಾಡುವವರ ಮುಖ ಅದು.

"ಅವಳು ಹೇಳೋದು ಸರಿ" ಎಂದು ಬಲಗೈ ಮುಂದೆ ಚಾಚಿದ. "ನೋಡಿ, ಕೈ ನಡುಗುತ್ತೆ. ಬೇರೆ ಕಡೆ ಕೊಡಿ."

ಆ ಕೈ ಯಾವತ್ತೂ ನಡುಗಿದ್ದಲ್ಲ. ಅವನೇ ನಡುಗಿಸಿದ.

"ನೋಡಿದ್ರಾ?" ಎಂದು ಮಗಳು ಗಂಡನಿಗೆ ಹೇಳಿ, ತಾತನ ಕಡೆ ಕೈ ಚಾಚಿದ್ದ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಬೀದಿಗಿಳಿದಳು.